ಮರಳು ಎತ್ತಿದವರ ಮನೆ ಎಲ್ಲಿ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇವೆ.)



ಈ ಮಾತು ಶುರುವಾದದ್ದು ಒಂದು ಫೋಟೋದಿಂದ. ನಮ್ಮ ಹಾಸ್ಟೆಲಿನ ಹುಡುಗನೊಬ್ಬ ತನ್ನ ಮೊಬೈಲಿನಲ್ಲಿ ಒಂದು ಕೋಣೆಯ ಚಿತ್ರ ಹಾಕಿಕೊಂಡಿದ್ದ. ಗೋಡೆಗೆ ತಿಳಿನೀಲಿ ಬಣ್ಣ, ಅಲ್ಲಲ್ಲಿ ಚಕ್ಕೆ ಎದ್ದಿದೆ. ಬಾಗಿಲು ಅರ್ಧ ತೆರೆದಿದೆ. ಪೂರ್ತಿ ತೆಗೆಯೋಕೂ ಆಗಲ್ಲ, ಮುಚ್ಚೋಕೂ ಆಗಲ್ಲ, ಯಾಕೆಂದರೆ ಕೋಣೆಯೊಳಗೆ ಸೊಂಟದ ಮಟ್ಟ ಮರಳು. ಕಿಟಕಿಯಿಂದ ಬಿಸಿಲು ಬಂದು ಆ ಮರಳಿನ ಮೇಲೆ ಬಿದ್ದಿದೆ. ಒಂದು ಹೆಜ್ಜೆ ಗುರುತೂ ಇಲ್ಲ. "ಎಷ್ಟು ಚೆಂದ ಐತೆ ನೋಡ್ರಣ್ಣ" ಅಂದ. ಚೆಂದವೇನೋ ಇತ್ತು. ಯಾವೂರಪ್ಪಾ ಇದು ಅಂದರೆ ಅವನಿಗೆ ಗೊತ್ತಿರಲಿಲ್ಲ. ಪಕ್ಕದ ಮಂಚದ ಮೇಲೆ ಬಟ್ಟೆ ಮಡಚುತ್ತಾ ಕೂತಿದ್ದ ಕೆಜಿಎಫ್ ಕಡೆಯ ಹುಡುಗ ಬಗ್ಗಿ ನೋಡಿ, "ಊರು ಯಾವುದಾದ್ರೇನಣ್ಣ, ಆ ಮನೆ ದೊರೆಗಳದು" ಅಂದ. ಹೆಂಗೆ ಹೇಳ್ತೀಯೋ ಅಂತ ಕೇಳಿದೆವು. "ನಮ್ಮೋರ ಮನೆಗೆ ಅಷ್ಟೆತ್ತರದ ಬಾಗಿಲು ಎಲ್ಲಿರ್ತದೆ?" ಅಂದ.

ಅವನ ಆ ಮಾತು ನಮ್ಮನ್ನು ಹಿಡಿದುಕೊಂಡಿತು. ಸಂಘದ ನಾವು ಮೂರ್ನಾಲ್ಕು ಜನ ಕೂತು, ಆ ಊರು ಯಾವುದು, ಅಲ್ಲಿ ಏನಾಯಿತು ಅಂತ ಸಿಕ್ಕಿದ್ದನ್ನೆಲ್ಲ ಓದಿದೆವು. ನಾವು ಅಲ್ಲಿಗೆ ಹೋಗಿ ಬಂದವರಲ್ಲ. ನಮ್ಮಲ್ಲಿ ಯಾರ ಹತ್ತಿರವೂ ಪಾಸ್‌ಪೋರ್ಟ್ ಕೂಡ ಇಲ್ಲ. ಓದಿ ಮತ್ತು ನೂರಾರು ಚಿತ್ರ ನೋಡಿ ಈ ಊರಿನೊಳಗೆ ನಡೆದಾಡಿದ್ದೇವೆ. ನಿಮ್ಮನ್ನೂ ಒಂದು ಸುತ್ತು ಕರೆದುಕೊಂಡು ಹೋಗುತ್ತೇವೆ, ಬನ್ನಿ.

ಊರಿನ ಹೆಸರು ಕೋಲ್ಮನ್ಸ್‌ಕೋಪ್. ಆಫ್ರಿಕಾ ಖಂಡದ ನೈಋತ್ಯ ಮೂಲೆಯಲ್ಲಿ ನಮೀಬಿಯಾ ಅಂತ ಒಂದು ದೇಶ. ನಮ್ಮ ಕರ್ನಾಟಕದ ನಾಲ್ಕು ಪಟ್ಟು ದೊಡ್ಡದು. ಜನ ಮಾತ್ರ ಸುಮಾರು ಮೂವತ್ತು ಲಕ್ಷ. ಯಾಕೆಂದರೆ ಅದರ ಬಹುಪಾಲು ಒಣ ನೆಲ, ಸಮುದ್ರದ ದಡದುದ್ದಕ್ಕೂ ನಮಿಬ್ ಮರುಭೂಮಿ. ಒಂದು ಕಡೆ ಅಟ್ಲಾಂಟಿಕ್ ಸಾಗರದ ತಣ್ಣನೆ ನೀರು, ಇನ್ನೊಂದು ಕಡೆ ಕಣ್ಣು ಹಾಯುವ ತನಕ ಮರಳು. ಆ ದಡದಲ್ಲಿ ಲೂಡೆರಿಟ್ಸ್ ಅನ್ನುವ ಬಂದರು. ಬಂದರಿನಿಂದ ಒಳಕ್ಕೆ ಸುಮಾರು ಹತ್ತು ಕಿಲೋಮೀಟರ್ ಹೋದರೆ ಈ ಊರು. ಹಿಂದೆ ಕೋಲ್ಮನ್ ಅನ್ನುವ ಗಾಡಿಯವನೊಬ್ಬ ಮರಳು ಬಿರುಗಾಳಿಗೆ ಸಿಕ್ಕಿ ತನ್ನ ಎತ್ತಿನ ಗಾಡಿಯನ್ನು ಇಲ್ಲೇ ಬಿಟ್ಟು ಹೋದನಂತೆ. ಅದಕ್ಕೇ ದಿಬ್ಬಕ್ಕೆ ಅವನ ಹೆಸರು. ಗಾಡಿ ಬಿಟ್ಟು ಹೋದವನ ಹೆಸರು ಊರಿಗೆ ಸಿಕ್ಕಿತು, ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಇನ್ನೊಬ್ಬರ ಹೆಸರು ಬರುತ್ತದೆ.

ಇಲ್ಲಿ ಸಿಕ್ಕಿದ್ದು ವಜ್ರ. ಮರಳಿನಲ್ಲಿ ವಜ್ರ ಹೇಗೆ ಬಂತು ಅಂತ ನಮಗೂ ಆಶ್ಚರ್ಯವಾಯಿತು. ಆಫ್ರಿಕಾದ ಒಳನಾಡಿನ ಬಂಡೆಗಳಲ್ಲಿ ಹುಟ್ಟಿದ ವಜ್ರಗಳು, ಬಂಡೆ ಸವೆದಂತೆಲ್ಲ ಕೋಟ್ಯಂತರ ವರ್ಷ ಆರೆಂಜ್ ನದಿಯಲ್ಲಿ ಉರುಳಿಕೊಂಡು ಸಮುದ್ರ ಸೇರಿವೆ. ಅಲೆಗಳು ಅವನ್ನು ದಡದುದ್ದಕ್ಕೂ ಉತ್ತರಕ್ಕೆ ತಂದು ಹಾಕಿವೆ. ಆಮೇಲೆ ಗಾಳಿಯ ಕೆಲಸ. ಹಗುರ ಮರಳನ್ನು ಗಾಳಿ ಹೊತ್ತುಕೊಂಡು ಹೋಗಿದೆ, ಭಾರದ ಕಲ್ಲುಗಳು ನೆಲದ ಮೇಲೇ ಉಳಿದಿವೆ. ನಮ್ಮ ತಾಯಂದಿರು ಮೊರದಲ್ಲಿ ರಾಗಿ ತೂರುತ್ತಾರಲ್ಲ, ಹಾಗೆ. ಹಾಗಾಗಿ ಕೆಲವು ಕಡೆ ಅಗೆಯುವ ಗೋಜೇ ಇರಲಿಲ್ಲ, ಬಗ್ಗಿ ಆರಿಸಿಕೊಂಡರೆ ಸಾಕಿತ್ತು. ಆದರೆ ಬಗ್ಗಬೇಕಾದವರು ಯಾರು?

ಈಗ ಊರೊಳಕ್ಕೆ ಹೋಗೋಣ. ಹೋಗಬೇಕಾದರೆ ಪರವಾನಗಿ ಚೀಟಿ ತೆಗೆದುಕೊಳ್ಳಬೇಕು. 1980 ರಿಂದ ಇದು ಪ್ರವಾಸಿಗರ ಜಾಗ. ತೋರಿಸುವವರು ಮುಂದೆ ಮುಂದೆ ನಡೆಯುತ್ತಾರೆ. ಇದು ಮ್ಯಾನೇಜರ ಮನೆ. ಇದು ಲೆಕ್ಕಿಗನ ಮನೆ. ಇದು ಡಾಕ್ಟರ ಮನೆ. ಇದು ಶಾಲೆ ಮಾಸ್ತರ ಮನೆ. ಎಲ್ಲವೂ ಜರ್ಮನಿಯ ಊರುಗಳಲ್ಲಿ ಇರುವಂಥ ಮನೆಗಳು, ಮರಳುಗಾಡಿನಲ್ಲಿ ತಂದು ನಿಲ್ಲಿಸಿದ್ದಾರೆ. ದೊಡ್ಡ ಸಭಾಂಗಣ ಇದೆ, ಅಲ್ಲಿ ನಾಟಕ, ನೃತ್ಯ ನಡೀತಿತ್ತು. ಚೆಂಡು ಉರುಳಿಸಿ ಮರದ ಗೂಟ ಬೀಳಿಸುವ ಆಟದ ಕೋಣೆ ಇದೆ. ಬೇಕರಿ, ಮಾಂಸದ ಅಂಗಡಿ, ಈಜುಕೊಳ, ವಿದ್ಯುತ್ ಕೇಂದ್ರ. ಕುಡಿಯುವ ನೀರನ್ನು ಹಡಗಿನಲ್ಲಿ ದೂರದ ಕೇಪ್‌ಟೌನ್‌ನಿಂದ ತರಿಸುತ್ತಿದ್ದರು. ಆ ನೀರಿನಲ್ಲಿ ಐಸು ಮಾಡುವ ಕಾರ್ಖಾನೆ ಬೇರೆ! ಪುಟ್ಟ ರೈಲಿನ ಮೇಲೆ ಐಸಿನ ಗಡ್ಡೆ ಇಟ್ಟು ಮನೆ ಮನೆಗೆ ಮುಟ್ಟಿಸುತ್ತಿದ್ದರು. ಕುಡಿಯುವ ನೀರಿಗೆ ಕೊಡ ಹಿಡಿದು ದೂರ ನಿಂತು ಬೆಳೆದವರು ನಾವು. ಈ ಐಸಿನ ಕತೆ ಓದಿದಾಗ ನಮಗೆ ಗಂಟಲು ಒಣಗಿದಂತಾಯಿತು. ಇರಲಿ.

ಊರಿನ ಒಳ್ಳೆ ದಿನಗಳಲ್ಲಿ ಸುಮಾರು ಮುನ್ನೂರು ಜನ ಜರ್ಮನರು, ನಲವತ್ತು ಮಕ್ಕಳು ಇದ್ದರಂತೆ. ಇವರ ಮನೆಗಳನ್ನೇ ನಾವು ಚಿತ್ರಗಳಲ್ಲಿ ನೋಡುವುದು. ಇವರ ಜೊತೆಗೆ ಉತ್ತರದ ಓವಾಂಬೊ ಸೀಮೆಯಿಂದ ಕರಾರಿನ ಮೇಲೆ ಬಂದ ಸುಮಾರು ಎಂಟುನೂರು ಜನ ಕಪ್ಪು ಕೂಲಿಗಾರರು. ಅವರ ವಾಸ ಬೇರೆ, ಊರಿನ ಹೊರಗೆ, ಸಾಲು ದೊಡ್ಡಿಗಳಲ್ಲಿ. ಎಂಟುನೂರು ಎಲ್ಲಿ, ಮುನ್ನೂರು ಎಲ್ಲಿ! ನಾವು ನೋಡಿದ ನೂರಾರು ಚಿತ್ರಗಳಲ್ಲಿ ಆ ಎಂಟುನೂರು ಜನ ಮಲಗಿದ್ದ ಜಾಗದ ಚಿತ್ರ ಒಂದೂ ಇರಲಿಲ್ಲ. ನಮ್ಮ ಕೆಜಿಎಫ್ ಹುಡುಗ ಬಾಗಿಲು ನೋಡಿ ಹೇಳಿದ್ದು ಸುಳ್ಳಲ್ಲ.

ಇನ್ನು ಮರಳಿನ ವಿಷಯ. "ಜನ ಬಿಟ್ಟು ಹೋದ ಮೇಲೆ ಮರುಭೂಮಿ ಬಂದು ಊರನ್ನು ನುಂಗಿತು" ಅಂತ ಎಲ್ಲರೂ ಬರೀತಾರೆ. ಓದೋಕೆ ಚೆನ್ನಾಗಿದೆ. ಆದರೆ ಯೋಚನೆ ಮಾಡಿ. ಮರಳು ಹೊಸದಾಗಿ ಬಂದದ್ದೇ? ಗಾಳಿ ಮೊದಲ ದಿನದಿಂದಲೂ ಬೀಸುತ್ತಿತ್ತು. ರೈಲು ಕಂಬಿಯ ಮೇಲೆ, ಅಂಗಳದಲ್ಲಿ, ಮೆಟ್ಟಿಲ ಮೇಲೆ ದಿನಾ ಮರಳು ಬೀಳುತ್ತಿತ್ತು. ದಿನಾ ಅದನ್ನು ಯಾರೋ ಎತ್ತಿ ಹಾಕುತ್ತಿದ್ದರು. ಎತ್ತುವ ಕೈ ಇದ್ದದ್ದಕ್ಕೇ ಅದು ಊರಾಗಿತ್ತು. ಆ ಕೈಗಳು ಹೊರಟು ಹೋದ ದಿನ ಅದು ಪಾಳಾಯಿತು. ನಿಮ್ಮ ಪಟ್ಟಣದಲ್ಲಿ ಪೌರಕಾರ್ಮಿಕರು ಹತ್ತು ದಿನ ಪೊರಕೆ ಕೆಳಗಿಟ್ಟರೆ ಏನಾಗುತ್ತೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಆ ಮೊಬೈಲಿನ ಚಿತ್ರದಲ್ಲಿರುವುದು ಇಷ್ಟೇ, ಗುಡಿಸುವವರು ಇಲ್ಲದ ಮನೆ.

ವಜ್ರ ಸಿಕ್ಕಿದ್ದೂ ಮರಳು ಎತ್ತುವವರಿಗೇ. 1908 ರ ಏಪ್ರಿಲ್. ಲೂಡೆರಿಟ್ಸ್‌ನಿಂದ ಒಳನಾಡಿಗೆ ಹೋಗುವ ರೈಲು ಕಂಬಿಯ ಮೇಲಿನ ಮರಳನ್ನು ಸಲಿಕೆಯಿಂದ ಎತ್ತಿ ಹಾಕುತ್ತಿದ್ದ ಕೂಲಿಗಾರರೊಬ್ಬರ ಹೆಸರು ಜಕಾರಿಯಾಸ್ ಲೆವಾಲಾ. ಅವರು ಮುಂಚೆ ದಕ್ಷಿಣ ಆಫ್ರಿಕಾದ ಕಿಂಬರ್ಲಿ ವಜ್ರದ ಗಣಿಯಲ್ಲಿ ದುಡಿದವರು. ಸಲಿಕೆಗೆ ಬಂದ ಒಂದು ಕಲ್ಲು ನೋಡಿದ ಕೂಡಲೇ ಅದು ಏನು ಅಂತ ಅವರಿಗೆ ಗೊತ್ತಾಯಿತು. ಇದನ್ನು ಸ್ವಲ್ಪ ಗಮನಿಸಿ. ಅದೃಷ್ಟದಿಂದ ಎಡವಿದರು ಅಂತ ಕತೆ ಹೇಳುವವರು ಹೇಳುತ್ತಾರೆ. ಎಡವಿದವರು ಕಲ್ಲು ಗುರುತಿಸುವುದಿಲ್ಲ. ಅದು ವಿದ್ಯೆ. ಗಣಿಯಲ್ಲಿ ಬೆವರು ಸುರಿಸಿ ಕಲಿತ ವಿದ್ಯೆ, ಅದಕ್ಕೆ ಸರ್ಟಿಫಿಕೇಟು ಇರಲಿಲ್ಲ ಅಷ್ಟೇ.

ಲೆವಾಲಾ ಆ ಕಲ್ಲನ್ನು ತಮ್ಮ ಮೇಲಿನವನಿಗೆ, ಆಗಸ್ಟ್ ಸ್ಟೌಖ್ ಅನ್ನುವ ಜರ್ಮನ್ ರೈಲ್ವೆ ಅಧಿಕಾರಿಗೆ ಕೊಟ್ಟರು. ಅವನು ತನ್ನ ಗಡಿಯಾರದ ಗಾಜಿನ ಮೇಲೆ ಗೀರಿ ನೋಡಿದನಂತೆ, ಗಾಜು ಗೀರಿತು. ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಸ್ಟೌಖ್ ಸದ್ದಿಲ್ಲದೆ ನೆಲ ಶೋಧಿಸುವ ಹಕ್ಕುಪತ್ರ ಮಾಡಿಸಿಕೊಂಡ, ರೈಲ್ವೆ ಕೆಲಸ ಬಿಟ್ಟ, ಕೋಟ್ಯಧಿಪತಿಯಾದ. ಲೆವಾಲಾ ಅವರಿಗೆ ಏನೂ ಸಿಗಲಿಲ್ಲ. ಸ್ಟೌಖ್ ಮುಂದೆ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಎಲ್ಲ ಕಳೆದುಕೊಂಡು 1947 ರಲ್ಲಿ ಬಡವನಾಗಿ ಸತ್ತ ಅಂತ ಪುಸ್ತಕಗಳು ಕಣ್ಣೀರು ಹಾಕುತ್ತವೆ. ಲೆವಾಲಾ ಬಡವರಾಗಿಯೇ ಇದ್ದದ್ದಕ್ಕೆ ಯಾರೂ ಒಂದು ಹನಿ ಹಾಕಿಲ್ಲ. ಗಾಡಿ ಬಿಟ್ಟು ಹೋದವನ ಹೆಸರಲ್ಲಿ ಊರಿದೆ ಅಂದೆವಲ್ಲ, ಅದಕ್ಕೇ ಈ ಹೆಸರನ್ನು ಜೋರಾಗಿ ಹೇಳುತ್ತಿದ್ದೇವೆ.

ಆದರೆ ನಾವು ಅಲ್ಲಿಗೇ ನಿಲ್ಲೋ ಹಾಗಿಲ್ಲ. ಲೆವಾಲಾ ನಿಂತಿದ್ದ ಆ ರೈಲು ಕಂಬಿ ಯಾರು ಹಾಕಿದ್ದು? ಇದನ್ನು ಓದಿದ ದಿನ ನಮ್ಮಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಆ ದೇಶ ಆಗ ಜರ್ಮನಿಯ ವಸಾಹತು. ಹೆರೆರೊ ಜನರು, ನಾಮ ಜನರು ದನ ಕಾಯ್ದು ಬದುಕುತ್ತಿದ್ದವರು. ನೆಲ ಹೋಯಿತು, ದನ ಹೋದವು. 1904 ರ ಜನವರಿಯಲ್ಲಿ ಹೆರೆರೊಗಳು ತಿರುಗಿಬಿದ್ದರು. ಜರ್ಮನ್ ಸೇನಾಪತಿ ಫೊನ್ ಟ್ರೋಥಾ ಅವರನ್ನು ಒಮಾಹೆಕೆ ಅನ್ನುವ ನೀರಿಲ್ಲದ ಮರುಭೂಮಿಗೆ ಅಟ್ಟಿದ. 1904 ರ ಅಕ್ಟೋಬರ್ 2 ರಂದು, ಗಡಿಯೊಳಗೆ ಕಂಡ ಪ್ರತಿಯೊಬ್ಬ ಹೆರೆರೊವನ್ನೂ ಗುಂಡಿಟ್ಟು ಕೊಲ್ಲಬೇಕೆಂದು ಲಿಖಿತ ಆದೇಶ ಹೊರಡಿಸಿದ. ಬಾಯಾರಿ ಸತ್ತವರು ಸತ್ತರು, ಉಳಿದವರನ್ನು ಶಿಬಿರಗಳಿಗೆ ತುಂಬಿದರು. ನಾಮ ಜನರೂ ಎದ್ದರು, ಅವರಿಗೂ ಅದೇ ಗತಿ. 1908 ರ ಹೊತ್ತಿಗೆ ಹೆರೆರೊಗಳಲ್ಲಿ ನೂರಕ್ಕೆ ಎಂಬತ್ತು, ನಾಮ ಜನರಲ್ಲಿ ನೂರಕ್ಕೆ ಐವತ್ತರಷ್ಟು ಮಂದಿ ಸತ್ತಿದ್ದರು ಅಂತ ಅಂದಾಜು.

ಆ ಶಿಬಿರಗಳಲ್ಲಿ ಅತಿ ಕ್ರೂರವಾದದ್ದು ಲೂಡೆರಿಟ್ಸ್ ಬಂದರಿನ ಶಾರ್ಕ್ ದ್ವೀಪ. ಚಳಿಗಾಳಿ ಹೊಡೆಯುವ ಬರೀ ಬಂಡೆ. ನಾಮ ನಾಯಕ ಕಾರ್ನೆಲಿಯಸ್ ಫ್ರೆಡರಿಕ್ಸ್ 1907 ರಲ್ಲಿ ಸತ್ತದ್ದು ಅಲ್ಲೇ. ಆ ಕೈದಿಗಳನ್ನೇ ಹಿಡಿದು ತಂದು ಮರುಭೂಮಿಯಲ್ಲಿ ರೈಲು ದಾರಿ ಹಾಕಿಸಿದರು. ಅವರದೇ ದಾಖಲೆ ಇದೆ. 1906 ರ ಜನವರಿಯಿಂದ 1907 ರ ಜೂನ್ ತನಕ ಈ ದಾರಿಯಲ್ಲಿ ದುಡಿಸಿದ ಕೈದಿಗಳು 2,014. ಸತ್ತವರು 1,359. ಮೂವರಲ್ಲಿ ಇಬ್ಬರು. ಸತ್ತವರ ತಲೆಗಳನ್ನು ಜರ್ಮನಿಯ ವಿದ್ವಾಂಸರು "ಜನಾಂಗ ಅಳೆಯೋಕೆ" ಅಂತ ತರಿಸಿಕೊಂಡರು. ಅವುಗಳಲ್ಲಿ ಕೆಲವು ಬುರುಡೆಗಳು ವಾಪಸ್ ಬಂದದ್ದು 2011 ರಿಂದೀಚೆಗೆ. ಮೇಲು ಕೀಳು ಹುಟ್ಟಿನಲ್ಲೇ ಇದೆ ಅನ್ನೋದನ್ನು ಸಾಬೀತು ಮಾಡೋಕೆ ಒಬ್ಬರು ಶಾಸ್ತ್ರ ಬರೀತಾರೆ, ಇನ್ನೊಬ್ಬರು ಬುರುಡೆ ಅಳೀತಾರೆ. ಹೆಚ್ಚು ಹೇಳೋದಿಲ್ಲ.

ಆ ಕಂಬಿಯ ಮೇಲೆ ಬಿದ್ದ ಮರಳನ್ನೇ 1908 ರಲ್ಲಿ ಲೆವಾಲಾ ಎತ್ತುತ್ತಿದ್ದದ್ದು. ಕೋಲ್ಮನ್ಸ್‌ಕೋಪ್ ಬಗ್ಗೆ ಬರೆಯುವ ಎಷ್ಟೋ ಜನ 1908 ರಿಂದ ಶುರು ಮಾಡುತ್ತಾರೆ. ಎರಡು ವರ್ಷ ಹಿಂದಕ್ಕೆ ಹೋದರೆ ಚಿತ್ರ ಅಷ್ಟು ಚೆಂದ ಕಾಣುವುದಿಲ್ಲ. ಶಾರ್ಕ್ ದ್ವೀಪದ ಮೇಲೂ ಪ್ರವಾಸಿಗರು ಡೇರೆ ಹಾಕಿಕೊಂಡು ಮಲಗುವ ಜಾಗ ಮಾಡಿದ್ದಾರೆ. 2021 ರಲ್ಲಿ ಜರ್ಮನಿ ಸರ್ಕಾರ ಇದು ನರಮೇಧ ಅಂತ ಒಪ್ಪಿಕೊಂಡು, ಮೂವತ್ತು ವರ್ಷಗಳಲ್ಲಿ 110 ಕೋಟಿ ಯೂರೋ ಕೊಡುವ ಮಾತಾಡಿತು. ನಮ್ಮನ್ನು ಕೂರಿಸಿಕೊಳ್ಳದೆ ನಮ್ಮ ಸಾವಿನ ಲೆಕ್ಕ ಚುಕ್ತಾ ಮಾಡೋಕೆ ನೀವ್ಯಾರು ಅಂತ ಹೆರೆರೊ, ನಾಮ ಸಂಘಟನೆಗಳು ಕೇಳಿದವು. ಸರಿಯಾದ ಪ್ರಶ್ನೆ.

ವಜ್ರ ಸಿಕ್ಕ ಕೆಲವೇ ತಿಂಗಳಿಗೆ, 1908 ರ ಸೆಪ್ಟೆಂಬರ್‌ನಲ್ಲಿ, ಜರ್ಮನ್ ಸರ್ಕಾರ ದಡದಿಂದ ನೂರು ಕಿಲೋಮೀಟರ್ ಒಳಗಿನ ತನಕ, ದಕ್ಷಿಣಕ್ಕೆ ಆರೆಂಜ್ ನದಿಯವರೆಗೆ, ಇಡೀ ನೆಲವನ್ನು "ನಿಷೇಧಿತ ಪ್ರದೇಶ" ಅಂತ ಸಾರಿತು. ನಮ್ಮ ರಾಜ್ಯದ ಏಳರಲ್ಲಿ ಒಂದು ಪಾಲಿನಷ್ಟು ನೆಲ. ಅದಕ್ಕೂ ಮುಂಚೆ 1907 ರಲ್ಲೇ ಇನ್ನೊಂದು ಕಾನೂನು ಬಂದಿತ್ತು. ಏಳು ವರ್ಷ ದಾಟಿದ ಪ್ರತಿ ಕಪ್ಪು ಮನುಷ್ಯನೂ ಲೋಹದ ಬಿಲ್ಲೆ ಧರಿಸಬೇಕು, ಅದರ ಮೇಲೆ ನಂಬರು. ಸರ್ಕಾರದ ಅಪ್ಪಣೆ ಇಲ್ಲದೆ ನೆಲ ಕೊಳ್ಳೋ ಹಾಗಿಲ್ಲ, ದನ ಸಾಕೋ ಹಾಗಿಲ್ಲ. ನೆಲ ಇಲ್ಲ, ದನ ಇಲ್ಲ, ಕುತ್ತಿಗೆಯಲ್ಲಿ ಬಿಲ್ಲೆ. ಆಮೇಲೆ ಕೂಲಿಗೆ ಬಾ ಅಂದರೆ ಬರದೆ ಇನ್ನೇನು ಮಾಡ್ತಾರೆ? ದಕ್ಷಿಣದಲ್ಲಿ ಜನರನ್ನು ಕೊಂದು ಮುಗಿಸಿದ್ದಕ್ಕೆ ನೂರಾರು ಮೈಲಿ ಉತ್ತರದಿಂದ ಓವಾಂಬೊಗಳನ್ನು ತರಬೇಕಾಯಿತು.

ಆ ಕೂಲಿಗಾರರು ಸಾಲಾಗಿ ಮಂಡಿಯೂರಿ, ಹೊಟ್ಟೆಯ ಮೇಲೆ ತೆವಳುತ್ತಾ, ಕೈಯಿಂದ ವಜ್ರ ಆರಿಸುತ್ತಿದ್ದರು. ಹಿಂದೆ ಮೇಸ್ತ್ರಿ. ಮೊದಲ ಮಹಾಯುದ್ಧಕ್ಕೆ ಮುಂಚಿನ ಆರು ವರ್ಷಗಳಲ್ಲಿ ಆ ಮರುಭೂಮಿಯಿಂದ ತೆಗೆದದ್ದು ಹತ್ತಿರ ಹತ್ತಿರ ಐವತ್ತು ಲಕ್ಷ ಕ್ಯಾರಟ್, ತೂಕದಲ್ಲಿ ಒಂದು ಟನ್. ಬೆರಳ ತುದಿಯಷ್ಟು ಇಲ್ಲದ ಕಲ್ಲುಗಳು, ಒಂದು ಟನ್. ಆ ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರ ಇತ್ತು, ಭೂಮಿಯ ದಕ್ಷಿಣಾರ್ಧಕ್ಕೆಲ್ಲ ಅದೇ ಮೊದಲನೆಯದು ಅಂತ ತೋರಿಸುವವರು ಹೆಮ್ಮೆಯಿಂದ ಹೇಳುತ್ತಾರೆ. ಕೂಲಿಗಾರ ವಜ್ರ ನುಂಗಿದ್ದಾನಾ ಅಂತ ಹೊಟ್ಟೆ ನೋಡೋಕೂ ಅದನ್ನು ಬಳಸುತ್ತಿದ್ದರು. ಡಾಕ್ಟರಾಗಬೇಕು ಅಂತ ಓದುತ್ತಿರುವವರು ನಿಮ್ಮಲ್ಲಿ ಇದ್ದೀರಿ. ಯಂತ್ರ ಒಂದೇ, ಒಬ್ಬನ ಮೂಳೆ ಮುರಿದಿದೆಯಾ ಅಂತ ನೋಡುತ್ತೆ, ಇನ್ನೊಬ್ಬ ಕಳ್ಳನಾ ಅಂತ ನೋಡುತ್ತೆ.

ಜರ್ಮನರು ಹೋದ ಮೇಲಾದರೂ ಸುಧಾರಿಸಿತಾ? 1915 ರಲ್ಲಿ ದಕ್ಷಿಣ ಆಫ್ರಿಕಾ ಈ ದೇಶವನ್ನು ಹಿಡಿಯಿತು. 1920 ರಲ್ಲಿ ಅರ್ನೆಸ್ಟ್ ಒಪೆನ್‌ಹೈಮರ್ ಅನ್ನುವ ವಜ್ರದ ಧಣಿ ಜರ್ಮನ್ ಕಂಪನಿಗಳನ್ನೆಲ್ಲ ಕೊಂಡು ಒಂದೇ ಕಂಪನಿ ಮಾಡಿದ. ಧಣಿ ಬದಲಾದ, ಕರಾರು ಬದಲಾಗಲಿಲ್ಲ. ಕೂಲಿಗೆ ಬರುವವರ ಮೈ ಪರೀಕ್ಷೆ ಮಾಡಿ, ಗಟ್ಟಿಮುಟ್ಟಾಗಿದ್ದವರನ್ನು ಎ, ಆಮೇಲೆ ಬಿ, ಸಿ ಅಂತ ವಿಂಗಡಿಸಿ ಅದರ ಮೇಲೆ ಕೂಲಿ ನಿಗದಿ ಮಾಡುತ್ತಿದ್ದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡ್ತಾರಲ್ಲ, ಹಂಗೆ. ಹೆಂಡತಿ ಮಕ್ಕಳನ್ನು ಕರೆತರೋ ಹಾಗಿಲ್ಲ, ಕರಾರು ಮುಗಿಯೋವರೆಗೆ ಬಿಟ್ಟು ಹೋಗೋ ಹಾಗಿಲ್ಲ, ಮುಗಿದ ಮೇಲೆ ಉಳಿಯೋ ಹಾಗಿಲ್ಲ. ಓವಾಂಬೊ ಜನ ಈ ಕರಾರಿಗೆ ಇಟ್ಟಿದ್ದ ಹೆಸರು "ತಂತಿ". ಕಟ್ಟಿಹಾಕುವ ತಂತಿ. 1971 ರ ಡಿಸೆಂಬರಿನಲ್ಲಿ ಆ ತಂತಿ ಕಿತ್ತುಹಾಕಲು ದೇಶಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಕರಾರು ಕೂಲಿಗಾರರು ಕೆಲಸ ನಿಲ್ಲಿಸಿದರು. ದೇಶ ಸ್ವತಂತ್ರವಾಗಿದ್ದು 1990 ರ ಮಾರ್ಚ್ 21 ರಂದು.

ಅಷ್ಟೊತ್ತಿಗೆ ಈ ಊರು ಪಾಳು ಬಿದ್ದು ಬಹಳ ಕಾಲವಾಗಿತ್ತು. ಕಾರಣ ಸರಳ. 1928 ರಲ್ಲಿ ದಕ್ಷಿಣಕ್ಕೆ, ಆರೆಂಜ್ ನದಿ ಸಮುದ್ರ ಸೇರುವ ಕಡೆ, ಇನ್ನೂ ದಪ್ಪ ವಜ್ರಗಳು ಸಿಕ್ಕವು. ಅಲ್ಲಿ 1936 ರಲ್ಲಿ ಒರಾಂಜೆಮುಂಡ್ ಅನ್ನುವ ಹೊಸ ಊರು ಕಟ್ಟಿದರು. 1943 ರಲ್ಲಿ ಕಂಪನಿ ಕಚೇರಿ ಅಲ್ಲಿಗೆ ಹೋಯಿತು. 1956 ರಲ್ಲಿ ಕೊನೆಯವರು ಬಾಗಿಲು ಹಾಕಿಕೊಂಡು ಹೊರಟರು. ಲಾಭ ಮುಗಿದ ಕಡೆ ಕಂಪನಿ ಒಂದು ದಿನವೂ ನಿಲ್ಲುವುದಿಲ್ಲ.

1956 ಅಂದ ಕೂಡಲೇ ನಮ್ಮ ಕೆಜಿಎಫ್ ಹುಡುಗ ಬೆರಳು ಎತ್ತಿದ. ಅದೇ ವರ್ಷ ಮೈಸೂರು ಸರ್ಕಾರ ಕೋಲಾರದ ಚಿನ್ನದ ಗಣಿಗಳನ್ನು ಇಂಗ್ಲಿಷ್ ಕಂಪನಿಯಿಂದ ತನ್ನ ಕೈಗೆ ತೆಗೆದುಕೊಂಡದ್ದು. ಕೋಲಾರ ಮರುಭೂಮಿ ಅಲ್ಲ, ನಿಜ. ಆದರೆ ಅಲ್ಲೂ ದೊರೆಗಳ ಬಂಗಲೆ, ಕ್ಲಬ್ಬು ಒಂದು ಕಡೆ, ಕೂಲಿಗಾರರ ಲೈನುಗಳು ಇನ್ನೊಂದು ಕಡೆ. 1902 ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಎಳೆದದ್ದು ಗಣಿಗಾಗಿ. ಮೂರು ಕಿಲೋಮೀಟರಿಗೂ ಆಳದ ಬಿಸಿಯಲ್ಲಿ ಇಳಿದು ದುಡಿದವರು ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ನಮ್ಮ ಜನ, ಹೊಲೆಯರು, ಪರಯರು. 2001 ರ ಫೆಬ್ರವರಿ 28 ರಂದು ಗಣಿ ಮುಚ್ಚಿದರು. ಸಯನೈಡ್ ಹಾಕಿ ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡಗಳು ಅಲ್ಲೇ ಇವೆ, ಗಾಳಿ ಬೀಸಿದಾಗ ಆ ದೂಳು ಮನೆಗಳ ಮೇಲೆ ಬರುತ್ತೆ. ಒಂದು ವ್ಯತ್ಯಾಸ ಇದೆ. ಕೋಲ್ಮನ್ಸ್‌ಕೋಪ್‌ನಲ್ಲಿ ಯಾರೂ ಇಲ್ಲ. ಕೆಜಿಎಫ್‌ನಲ್ಲಿ ಜನ ಇದ್ದಾರೆ. ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವವರು ಸಾವಿರಾರು. ಅಂಥ ಊರನ್ನೂ ಪೇಪರಿನವರು ಭೂತದ ಊರು ಅಂತ ಬರೀತಾರೆ. "ನಾವು ಬದುಕಿರೋವಾಗ್ಲೇ ನಮ್ಮನ್ನ ದೆವ್ವ ಮಾಡ್ಬಿಟ್ರಣ್ಣ" ಅಂದ ಅವನು.

ಸಿನಿಮಾ ನೀವೆಲ್ಲ ನೋಡಿದ್ದೀರಿ, ನಾವೂ ಶಿಳ್ಳೆ ಹೊಡೆದಿದ್ದೇವೆ, ಮುಚ್ಚಿಟ್ಟು ಏನು. ಆ ಸಿನಿಮಾದಲ್ಲಿ ಕೂಲಿಗಾರರು ಬಗ್ಗಿಸಿದ ತಲೆ ಎತ್ತೋಕೆ ಹೊರಗಿಂದ ಒಬ್ಬ ಹೀರೋ ಬರಬೇಕು. ನಿಜವಾದ ಕೆಜಿಎಫ್‌ನಲ್ಲಿ 1930 ರಲ್ಲಿ ಕಂಪನಿ ಎಲ್ಲರೂ ಬೆರಳಚ್ಚು ಕೊಡಬೇಕು ಅಂದಾಗ, ನಾವೇನು ಕಳ್ಳರಾ ಅಂತ ಸಾವಿರಾರು ಕಾರ್ಮಿಕರು ತಾವೇ ಮುಷ್ಕರ ಹೂಡಿದರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಮಾರಿಕುಪ್ಪಂನಲ್ಲಿ ಅಯೋಥಿದಾಸರ ದಾರಿ ಹಿಡಿದ ಬೌದ್ಧ ಸಂಘ ಇತ್ತು. ಗಣಿಯಿಂದ ಮೇಲೆ ಬಂದವರು ಸಂಜೆ ಕೂತು ಓದುತ್ತಿದ್ದರು, ವಾದಿಸುತ್ತಿದ್ದರು. ಹಳೇ ಯಂತ್ರದ ಫೋಟೋ ಹಿಡಿಯೋಕೆ ಹೋಗುವವರಿಗೆ ಇದು ಕಾಣುವುದಿಲ್ಲ.

ಲೆವಾಲಾ ಅವರ ಬಗ್ಗೆ ಇರುವುದು ನಾಲ್ಕೇ ಸಾಲು. ಎಲ್ಲಿ ಹುಟ್ಟಿದರು, ಮನೆಯಲ್ಲಿ ಏನು ಮಾತಾಡುತ್ತಿದ್ದರು, ಆ ಕಲ್ಲಿನ ಸಂಗತಿಯನ್ನು ತಮ್ಮವರಿಗೆ ಹೇಗೆ ಹೇಳಿದರು, ಯಾರೂ ಕೂತು ಕೇಳಿ ಬರೆದುಕೊಳ್ಳಲಿಲ್ಲ. ಗಣಿಯಲ್ಲಿ ಇಳಿದ ನಮ್ಮ ಅಜ್ಜಂದಿರು, ಮೇಲೆ ಕಾದು ಕೂತ ಅಜ್ಜಿಯಂದಿರು ಇನ್ನೂ ಕೆಲವರು ಇದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ತಮಿಳು, ತೆಲುಗು ಮಾತು, ನಮ್ಮಲ್ಲಿ ಆ ಮಾತು ಬಲ್ಲವರು ಜೊತೆಗೆ ಬೇಕು.

ಬರುವ ಎರಡನೇ ಭಾನುವಾರ ಮಾರಿಕುಪ್ಪಂ ರೈಲಿಗೆ ಹೊರಡುತ್ತಿದ್ದೇವೆ. ನಮ್ಮ ಕೆಜಿಎಫ್ ಹುಡುಗನ ಮನೆಯಲ್ಲಿ ಮಧ್ಯಾಹ್ನದ ಊಟ, ಅವರಮ್ಮ ಒಪ್ಪಿದ್ದಾರೆ. ಹದಿನೈದು ಜನಕ್ಕಿಂತ ಹೆಚ್ಚಾದರೆ ಅವರಿಗೆ ಕಷ್ಟ. ಒಂದು ನೋಟ್‌ಬುಕ್ಕು, ಎರಡು ಪೆನ್ನು ತನ್ನಿ. ಫೋಟೋ ಆಮೇಲೆ ನೋಡೋಣ, ಅವರು ತೆಗೀರಿ ಅಂದರೆ ತೆಗೆಯೋಣ. ಮೊಬೈಲಿನಲ್ಲಿ ಆ ಚಿತ್ರ ಹಾಕಿಕೊಂಡಿದ್ದ ಹುಡುಗ ಮೊದಲನೆಯವನಾಗಿ ಹೆಸರು ಬರೆಸಿದ್ದಾನೆ. ಉಳಿದವರು ಊಟದ ಹಾಲಿನ ಬಾಗಿಲ ಹತ್ತಿರ ಇಟ್ಟಿರುವ ಹಾಳೆಯಲ್ಲಿ ಬರೆಯಿರಿ.